ಮುಂದಿನ ಹಲ್ಲಿನ ಸಂದಿ: ಎಳೆ ಕತ್ತರಿಸೋದಾ, ಕ್ಲಿಪ್ ಹಾಕಿಸೋದಾ, ಸುಮ್ನೆ ಕಾಯೋದಾ?

ಆಗ ಮಗಳಿಗೆ ಎಂಟು ವರ್ಷ. ಹಾಲುಹಲ್ಲು ಬಿದ್ದು ಮೇಲಿನ ಎರಡು ದೊಡ್ಡ ಹಲ್ಲು ಬಂದವು, ಬರುವಾಗ ನಡುವೆ ಒಂದು ಸಂದಿಯನ್ನೂ ಕರೆದುಕೊಂಡು ಬಂದವು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಮೂರನೇ ಮಹಡಿಯ ಆಜಿ ಅವಳ ಗಲ್ಲ ಹಿಡಿದು ‘ಫಟ್ ಇದೆ, ಭಾಗ್ಯದ ಹುಡುಗಿ’ ಎಂದರು. ಫಟ್ ಅಂದರೆ ಮರಾಠಿಯಲ್ಲಿ ಸಂದಿ. ಕುಂದಾಪುರದಿಂದ ನಮ್ಮತ್ತೆ ಫೋನಿನಲ್ಲಿ ‘ಈಗ್ಲೇ ಏನಾದ್ರೂ ಮಾಡಿ, ಆಮೇಲೆ ಮದುವೆ ಹೊತ್ತಿಗೆ ಕಷ್ಟ’ ಎಂದರು. ಎಂಟು ವರ್ಷದ ಹುಡುಗಿಯ ಮದುವೆ! ಇರಲಿ.

ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಡಾಕ್ಟರು ಮೇಲ್ತುಟಿ ಎತ್ತಿ ನೋಡಿ ‘ಫ್ರೀನಮ್, ಅಂದ್ರೆ ತುಟಿಯನ್ನು ವಸಡಿಗೆ ಸೇರಿಸೋ ಎಳೆ, ದಪ್ಪ ಇದೆ, ಅದೇ ಹಲ್ಲನ್ನು ದೂರ ಎಳೀತಿದೆ, ಲೇಸರ್‌ನಲ್ಲಿ ಹತ್ತು ನಿಮಿಷದ ಕೆಲಸ, ಶನಿವಾರ ಬನ್ನಿ’ ಎಂದರು. ಎಕ್ಸ್‌ರೇ ಇಲ್ಲ, ಅಳತೆ ಇಲ್ಲ, ಕಚ್ಚಿ ತೋರಿಸು ಎಂದು ಕೂಡ ಹೇಳಲಿಲ್ಲ. ಶನಿವಾರ ನಾನು ಹೋಗಲಿಲ್ಲ. ಬದಲಿಗೆ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋದೆವು. ಆವತ್ತಿನಿಂದ ಈ ಒಂದೂವರೆ ವರ್ಷದಲ್ಲಿ ನಮ್ಮ ಮನೆಯವರ ಬಾಯಿಗಳನ್ನೆಲ್ಲ ನೋಡಿ, ಡಾಕ್ಟರುಗಳ ತಲೆ ತಿಂದು, ಓದಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ: ತುಟಿಯ ಎಳೆಗೆ ಕಾಯಬಹುದು, ದವಡೆಗೆ ಕಾಯಬಾರದು. ನಮ್ಮ ಜನ ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ. ಎಳೆ ಕಂಡ ಕೂಡಲೇ ಕತ್ತರಿಸಲು ಓಡುತ್ತಾರೆ, ದವಡೆ ಮುಂದೆ ಬಂದಿದ್ದರೆ ‘ದೊಡ್ಡವಳಾದ ಮೇಲೆ ಸರಿಹೋಗುತ್ತದೆ’ ಎಂದು ಕೂರುತ್ತಾರೆ.

ಮೊದಲು ಎಳೆಯನ್ನೇ ನೋಡಿ

ಕನ್ನಡಿ ಮುಂದೆ ನಿಂತು ನಿಮ್ಮ ಮೇಲ್ತುಟಿಯನ್ನು ಎರಡು ಬೆರಳಿನಿಂದ ಎತ್ತಿ. ನಡುವೆ ತುಟಿಯಿಂದ ವಸಡಿಗೆ ಇಳಿಯುವ ತೆಳು ಚರ್ಮದ ಎಳೆ ಕಾಣುತ್ತದೆ. ಅದೇ ಫ್ರೀನಮ್. ಎಲ್ಲರಿಗೂ ಇರುತ್ತದೆ. ಇರುವುದೇ ರೋಗ ಅಲ್ಲ. ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದು ಮುಖ್ಯ.

1974ರಲ್ಲಿ ಪ್ಲಾಚೆಕ್ ಮತ್ತು ಜೊತೆಯವರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ಡಾಕ್ಟರುಗಳು ಅದನ್ನೇ ಹೇಳುತ್ತಾರೆ. ಅಲುಗಾಡುವ ಕೆಂಪು ಚರ್ಮ ಮುಗಿದು ಗಟ್ಟಿ ವಸಡು ಶುರುವಾಗುವ ಗೆರೆಯಲ್ಲೇ ಎಳೆ ನಿಂತರೆ ಮೊದಲನೆಯದು. ಗಟ್ಟಿ ವಸಡಿನೊಳಗೆ ಸ್ವಲ್ಪ ಇಳಿದಿದ್ದರೆ ಎರಡನೆಯದು. ಈ ಎರಡನ್ನು ಬಿಟ್ಟುಬಿಡಿ, ತಲೆ ಕೆಡಿಸಿಕೊಳ್ಳಬೇಡಿ. ಎರಡು ಹಲ್ಲಿನ ನಡುವೆ ತ್ರಿಕೋನದ ಹಾಗೆ ಇಳಿದಿರುತ್ತದಲ್ಲ ವಸಡು, ಅದರವರೆಗೂ ಬಂದಿದ್ದರೆ ಮೂರನೆಯದು. ಅದನ್ನೂ ದಾಟಿ ಹಲ್ಲಿನ ಹಿಂದೆ ಅಂಗುಳದ ಕಡೆಗೆ ಹೋಗಿದ್ದರೆ ನಾಲ್ಕನೆಯದು. ಕೊನೆಯ ಎರಡರ ಬಗ್ಗೆ ಮಾತ್ರ ಮಾತು ಬೇಕು, ಅದೂ ವಯಸ್ಸು ನೋಡಿಕೊಂಡು.

ಯಾಕೆ ವಯಸ್ಸು? ಮಗು ಹೊಟ್ಟೆಯಲ್ಲಿರುವಾಗ ಈ ಎಳೆ ತುಟಿಯಿಂದ ಅಂಗುಳದ ಮುಂಭಾಗದವರೆಗೂ ಒಂದೇ ಪಟ್ಟಿಯಾಗಿ ಇರುತ್ತದೆ. ಆಮೇಲೆ ಮೇಲ್ದವಡೆಯ ಮೂಳೆ ಕೆಳಗೆ ಬೆಳೆಯುತ್ತದೆ, ಹಲ್ಲುಗಳು ಇಳಿಯುತ್ತವೆ, ಎಳೆ ಮೇಲೆಯೇ ಉಳಿಯುತ್ತದೆ. ನೋಡುವವರಿಗೆ ಎಳೆಯೇ ಮೇಲೆ ಹೋದ ಹಾಗೆ ಕಾಣುತ್ತದೆ, ನಿಜವಾಗಿ ಬೆಳೆದದ್ದು ದವಡೆ. ಅದಕ್ಕೇ ಚಿಕ್ಕ ಮಕ್ಕಳಲ್ಲಿ ಎಳೆ ಕೆಳಗಿರುವುದು ತೀರಾ ಸಾಮಾನ್ಯ, ದೊಡ್ಡವರಲ್ಲಿ ಕಡಿಮೆ. ಎಂಟು ವರ್ಷದ ಬಾಯಿ ನೋಡಿ ‘ಕೆಳಗಿದೆ’ ಎನ್ನುವುದು, ಅರ್ಧ ಬೆಂದ ಅನ್ನ ನೋಡಿ ‘ಗಟ್ಟಿ ಇದೆ’ ಎಂದ ಹಾಗೆ.

ಎಳೆಯಲ್ಲಿ ಇನ್ನೂ ವಿಚಿತ್ರಗಳಿವೆ. ಕೆಲವರಿಗೆ ಎರಡು ಎಳೆ, ಕೆಲವರಿಗೆ ತುದಿ ಸೀಳಿಕೊಂಡಿರುತ್ತದೆ, ಕೆಲವರಿಗೆ ಮಧ್ಯದಲ್ಲಿ ಗಂಟು, ಕೆಲವರಿಗೆ ನೇತಾಡುವ ಚರ್ಮದ ತುಣುಕು. ಇವನ್ನೆಲ್ಲ ಸೆವೆರಿನ್ ಅನ್ನುವವರು 1971ರಲ್ಲೇ ಹೆಸರಿಟ್ಟು ಬರೆದಿಟ್ಟಿದ್ದಾರೆ. ನನ್ನದೇ ಎಳೆಯಲ್ಲಿ ಅಕ್ಕಿಕಾಳಿನಷ್ಟು ತುಣುಕು ಇದೆ. ಮೂವತ್ತೈದು ವರ್ಷ ಗೊತ್ತೇ ಇರಲಿಲ್ಲ, ಮಗಳ ಬಾಯಿ ನೋಡುವ ಭರದಲ್ಲಿ ನನ್ನದು ನೋಡಿ ಎರಡು ರಾತ್ರಿ ಕ್ಯಾನ್ಸರ್ ಎಂದು ನಿದ್ದೆಗೆಟ್ಟೆ. ಡಾಕ್ಟರು ನಕ್ಕರು. ಹುಟ್ಟಿದಾಗಿನಿಂದ ಇರುವ, ಮೆತ್ತಗಿನ, ನೋವಿಲ್ಲದ ತುಣುಕು ತೊಂದರೆಯದ್ದಲ್ಲ. ಆದರೆ ಹೊಸದಾಗಿ ಬಂದ ಗಂಟು, ಬಿಳಿ ಕಲೆ, ಎರಡು ವಾರವಾದರೂ ಆರದ ಹುಣ್ಣು ಬೇರೆ ಮಾತು. ನಮ್ಮ ಕಡೆ ಮಶೇರಿ (ಹುರಿದ ತಂಬಾಕಿನ ಪುಡಿ) ತಿಕ್ಕುವ, ತಂಬಾಕು ತುಟಿಯೊಳಗೆ ಇಟ್ಟುಕೊಳ್ಳುವ ಹಿರಿಯರಿದ್ದರೆ ಅವರನ್ನು ಎಳೆದುಕೊಂಡಾದರೂ ತೋರಿಸಿ. ಇನ್ನೊಂದು, ಮಗುವಿಗೆ ಹಲವಾರು ಎಳೆಗಳಿದ್ದು ಜೊತೆಗೆ ಆರನೇ ಬೆರಳೋ ಬೆರಳಿನ ಆಕಾರದಲ್ಲಿ ವ್ಯತ್ಯಾಸವೋ ಇದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಅಪರೂಪಕ್ಕೆ ಕೆಲವು ಹುಟ್ಟು ಕಾಯಿಲೆಗಳಲ್ಲಿ ಇವು ಒಟ್ಟಿಗೆ ಬರುತ್ತವೆ.

ಸಂದಿಗೆ ಎಳೆಯೇ ಕಾರಣವಾ?

ಇಲ್ಲೇ ಎಲ್ಲ ತಪ್ಪುವುದು. ಎಳೆ ಕಣ್ಣಿಗೆ ಕಾಣುತ್ತದೆ, ಕತ್ತರಿಸುವುದು ಸುಲಭ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ. ಸಂದಿಗೆ ಬೇರೆ ಕಾರಣಗಳ ಸಾಲೇ ಇದೆ. ದವಡೆ ದೊಡ್ಡದು, ಹಲ್ಲು ಸಣ್ಣದು ಇರಬಹುದು, ಅಪ್ಪನ ದವಡೆ, ಅಮ್ಮನ ಹಲ್ಲು ಬಂದ ಹಾಗೆ. ಪಕ್ಕದ ಹಲ್ಲುಗಳು ಮೊಳೆಯಂತೆ ಚಿಕ್ಕದಾಗಿರಬಹುದು, ಇಲ್ಲವೇ ಹುಟ್ಟಿಯೇ ಇಲ್ಲದಿರಬಹುದು. ಎರಡು ಮುಂಬಲ್ಲಿನ ನಡುವೆ ಮೂಳೆಯೊಳಗೆ ಒಂದು ಹೆಚ್ಚಿನ ಹಲ್ಲು ಅಡಗಿರಬಹುದು. ಅದಕ್ಕೆ ಮೀಸಿಯೊಡೆನ್ಸ್ ಎನ್ನುತ್ತಾರೆ, ಎಕ್ಸ್‌ರೇ ತೆಗೆಯದೆ ಗೊತ್ತಾಗುವುದೇ ಇಲ್ಲ. ಹೆಬ್ಬೆರಳು ಚೀಪುವುದು, ನುಂಗುವಾಗ ನಾಲಿಗೆ ಮುಂದಕ್ಕೆ ತಳ್ಳುವುದು ಕೂಡ ಹಲ್ಲನ್ನು ಅಗಲಿಸುತ್ತವೆ. ಕೆಳಗಿನ ಹಲ್ಲು ಮೇಲಿನದರ ಹಿಂಭಾಗಕ್ಕೆ ಜಾಸ್ತಿ ಒತ್ತುತ್ತಿದ್ದರೂ ಅಷ್ಟೇ.

ನಲವತ್ತು ದಾಟಿದವರಿಗೆ ಮೊದಲು ಇಲ್ಲದ ಸಂದಿ ಈಗ ಬಂದಿದ್ದರೆ ಎಳೆಯ ಕಥೆಯೇ ಬೇಡ. ವಸಡಿನ ಕಾಯಿಲೆಯಿಂದ ಮೂಳೆ ಸವೆದು ಹಲ್ಲು ಸರಿದಿರಬಹುದು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜೋರು. ತೀರಾ ಅಪರೂಪಕ್ಕೆ ಪಿಟ್ಯೂಟರಿ ಗ್ರಂಥಿಯ ತೊಂದರೆಯಿಂದ ದೊಡ್ಡವರ ದವಡೆಯೇ ಬೆಳೆಯುತ್ತದೆ, ಚಪ್ಪಲಿ ಸೈಜೂ ಉಂಗುರದ ಸೈಜೂ ಬದಲಾಗಿರುತ್ತದೆ. ಅವರು ಹೋಗಬೇಕಾದದ್ದು ಡೆಂಟಲ್ ಕ್ಲಿನಿಕ್‌ಗಲ್ಲ, ಫಿಸಿಶಿಯನ್ ಹತ್ತಿರ.

ಹಾಗಾದರೆ ಎಳೆ ಕಾರಣ ಎಂದು ಹೇಗೆ ತಿಳಿಯುವುದು? ತುಟಿಯನ್ನು ಮೇಲಕ್ಕೂ ಹೊರಕ್ಕೂ ಎಳೆದು ಹಿಡಿದಾಗ ಹಲ್ಲಿನ ನಡುವಿನ ವಸಡು, ಮುಖ್ಯವಾಗಿ ಹಲ್ಲಿನ ಹಿಂದೆ ಅಂಗುಳದ ಮುಂಭಾಗದ ಉಬ್ಬು, ರಕ್ತ ಕಡಿಮೆಯಾಗಿ ಬೆಳ್ಳಗಾಗುತ್ತದಾ ನೋಡುತ್ತಾರೆ. ಹಾಗೆ ಬೆಳ್ಳಗಾದರೆ ಎಳೆಯ ನಾರುಗಳು ಒಳಗೆ ಹೊಕ್ಕಿವೆ ಎಂದರ್ಥ. ಜೊತೆಗೆ ಎಕ್ಸ್‌ರೇಯಲ್ಲಿ ಎರಡು ಹಲ್ಲಿನ ನಡುವಿನ ಮೂಳೆಯಲ್ಲಿ ಸಣ್ಣ ಸೀಳಿನಂಥ ಕಚ್ಚು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಆ ಜಾಗದಲ್ಲಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ನಾರುಗಳು ಎರಡನ್ನೂ ಕಟ್ಟಿ ಹಿಡಿಯುತ್ತವೆ. ದಪ್ಪ ಎಳೆ ಮಧ್ಯೆ ನುಗ್ಗಿದ್ದರೆ ಆ ಕಟ್ಟು ಬೀಳುವುದಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದ ಡಾಕ್ಟರ್ ಹುಡುಗಿ ಇದೆರಡನ್ನೂ ಮಾಡಿದಳು, ಸ್ಕೇಲಿನಿಂದ ಸಂದಿ ಅಳೆದಳು, ಮಗಳಿಗೆ ಕಚ್ಚಲು ಹೇಳಿದಳು. ಬೆಳ್ಳಗಾಯಿತು, ಸ್ವಲ್ಪ. ಮೂಳೆಯಲ್ಲಿ ಕಚ್ಚು ಇರಲಿಲ್ಲ. ಸಂದಿ ಎರಡು ಮಿಲಿಮೀಟರಿಗಿಂತ ಕಡಿಮೆ. ‘ಕೋರೆಹಲ್ಲು ಬರೋವರೆಗೂ ಮುಟ್ಟಬೇಡಿ’ ಎಂದಳು.

ಕಾಯುವುದು, ಕತ್ತರಿಸುವುದು, ಕ್ಲಿಪ್ ಹಾಕುವುದು

ಕಾಯುವುದು ಅಂದರೆ ಏನೂ ಮಾಡದೆ ಇರುವುದಲ್ಲ. ಏಳರಿಂದ ಹನ್ನೆರಡರವರೆಗೆ ಮೇಲಿನ ಮುಂಬಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡಿರುವುದು ಸಹಜ. ಮೂಳೆಯೊಳಗೆ ಮೇಲೆ ಕೂತಿರುವ ಕೋರೆಹಲ್ಲುಗಳು ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತವೆ, ಬೇರು ಒಳಗೆ ಹೋದರೆ ತಲೆ ಹೊರಗೆ ಬರುತ್ತದೆ, ಅಷ್ಟೇ ಲೆಕ್ಕ. ಕೋರೆಹಲ್ಲು ಕೆಳಗಿಳಿದಂತೆ ಒತ್ತಡ ತಿರುಗಿ ಸಂದಿ ಮುಚ್ಚಿಕೊಳ್ಳುತ್ತದೆ. ಬ್ರಾಡ್‌ಬೆಂಟ್ ಎಂಬ ಅಮೆರಿಕದ ದಂತವೈದ್ಯರು 1937ರಲ್ಲಿ ಇದಕ್ಕೆ ಅಗ್ಲಿ ಡಕ್ಲಿಂಗ್, ಅಂದರೆ ಕುರೂಪಿ ಬಾತುಮರಿ, ಹಂತ ಎಂದು ಹೆಸರಿಟ್ಟರು. ಹೆಸರು ನನಗೆ ಇಷ್ಟ ಇಲ್ಲ, ಮಗಳು ಚೆನ್ನಾಗಿಯೇ ಕಾಣುತ್ತಾಳೆ. ಎರಡು ಮಿಲಿಮೀಟರ್‌ವರೆಗಿನ ಸಂದಿ ಬಹಳ ಮಟ್ಟಿಗೆ ತಾನೇ ಮುಚ್ಚುತ್ತದೆ, ಅದಕ್ಕಿಂತ ದೊಡ್ಡದಾದರೆ ಭರವಸೆ ಕಡಿಮೆ. ಕಾಯುವಾಗ ಮಾಡಬೇಕಾದದ್ದು: ಆರು ತಿಂಗಳಿಗೊಮ್ಮೆ ತೋರಿಸುವುದು, ಸಂದಿಯ ಫೋಟೊ ಇಟ್ಟುಕೊಳ್ಳುವುದು, ಬ್ರಶ್ ಮಾಡುವಾಗ ಎಳೆಯ ಅಡಿಯಲ್ಲಿ ಆಹಾರ ಕೂರದಂತೆ ನೋಡುವುದು. ಖರ್ಚು ಲೋಕಲ್ ಟ್ರೇನಿನ ಟಿಕೆಟ್ಟಿನಷ್ಟು.

ಮೊದಲೇ ಕತ್ತರಿಸಿದರೆ ಏನಾಗುತ್ತದೆ? ಎಳೆ ಹೋಗುತ್ತದೆ, ಹಲ್ಲು ಮಾತ್ರ ತಾನಾಗಿ ಹತ್ತಿರ ಬರುತ್ತದೆ ಎಂಬ ಖಾತ್ರಿ ಇಲ್ಲ. ಕತ್ತರಿಸಿದ ಜಾಗದಲ್ಲಿ ಗಾಯದ ಗಟ್ಟಿ ಚರ್ಮ ಬಂದು ಕೂತರೆ ಮುಂದೆ ಸಂದಿ ಮುಚ್ಚುವುದಕ್ಕೇ ಅಡ್ಡಿಯಾಗಬಹುದು. ಹಾಗಾಗಿ ಹೆಚ್ಚಿನ ಆರ್ಥೊಡಾಂಟಿಸ್ಟ್‌ಗಳು (ಹಲ್ಲು, ದವಡೆ ಸರಿ ಕೂರಿಸುವ ಡಾಕ್ಟರುಗಳು) ಹೇಳುವ ಕ್ರಮ: ಕೋರೆಹಲ್ಲು ಬರಲಿ, ಆಗಲೂ ಸಂದಿ ಉಳಿದರೆ ಕ್ಲಿಪ್‌ನಿಂದ ಮುಚ್ಚಿ, ಮುಚ್ಚಿದ ಮೇಲೆ ಅಥವಾ ಮುಚ್ಚುವ ಕೊನೆಗೆ ಎಳೆ ತೆಗೆಸಿ. ಆಗ ಬರುವ ಗಾಯದ ಚರ್ಮ ಹಲ್ಲುಗಳನ್ನು ದೂರ ಮಾಡುವ ಬದಲು ಕೂಡಿಸಿ ಹಿಡಿಯುತ್ತದೆ.

ಗೋವಾದ ಮಡಗಾಂವ್‌ನಲ್ಲಿರುವ ಅಕ್ಕನ ಮಗನಿಗೆ ಇದೇ ಆಯಿತು. ಹದಿಮೂರು ವರ್ಷ, ಕೋರೆಹಲ್ಲು ಬಂದಾಗಿದೆ, ಸಂದಿ ಮೂರು ಮಿಲಿಮೀಟರ್ ಹಾಗೇ. ಅವನದ್ದು ಸರಿಯಾದ ನಾಲ್ಕನೇ ಬಗೆ, ತುಟಿ ಎಳೆದರೆ ಅಂಗುಳದ ಉಬ್ಬು ಅಲುಗಾಡುತ್ತಿತ್ತು. ಕ್ಲಿಪ್ ಹಾಕಿ ಸಂದಿ ಮುಚ್ಚುತ್ತಾ ಬಂದಾಗ ಎಳೆ ಮಡಚಿಕೊಂಡು ಹಲ್ಲಿನ ನಡುವೆ ಒಂದು ಗುಪ್ಪೆಯಾಗಿ ನಿಂತಿತು. ಆಗ ತೆಗೆದರು. ಕೆಲವೊಮ್ಮೆ ಎಳೆ ಇಷ್ಟು ದಪ್ಪ ಇರುತ್ತದೆಂದರೆ ಹಲ್ಲು ಸರಿಯುವುದಕ್ಕೇ ಬಿಡುವುದಿಲ್ಲ, ಅಥವಾ ಅಮುಕಿದಾಗ ನೋಯುತ್ತದೆ. ಆಗ ಮಧ್ಯದಲ್ಲೇ ತೆಗೆಯಬೇಕಾಗುತ್ತದೆ. ಆಮೇಲೆ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿದರು, ರಿಟೇನರ್. ಅಕ್ಕನಿಗೆ ಆ ತಂತಿಯೇ ದೊಡ್ಡ ತಲೆನೋವು, ‘ಇನ್ನೆಷ್ಟು ವರ್ಷ ಇದು?’ ಎಂದು ಕೇಳುತ್ತಲೇ ಇರುತ್ತಾಳೆ. ತಂತಿ ತೆಗೆದರೆ ಮುಂಬಲ್ಲಿನ ಸಂದಿಯಷ್ಟು ಬೇಗ ಹಳೆ ಜಾಗಕ್ಕೆ ಓಡುವುದು ಇನ್ನೊಂದಿಲ್ಲ, ಎಳೆ ತೆಗೆಸಿದ್ದರೂ ಅಷ್ಟೇ. ಈ ಭಾಗವನ್ನು ಯಾರೂ ಮೊದಲೇ ಒತ್ತಿ ಹೇಳುವುದಿಲ್ಲ.

ನಾಲ್ಕನೆಯ ದಾರಿಯೂ ಇದೆ, ದೊಡ್ಡವರಿಗೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚಿ ಎರಡೂ ಹಲ್ಲನ್ನು ಸ್ವಲ್ಪ ಅಗಲ ಮಾಡಿ ಸಂದಿ ಮುಚ್ಚುವುದು. ಒಂದೇ ದಿನದ ಕೆಲಸ. ಸಂದಿ ಸಣ್ಣದಿದ್ದು ಹಲ್ಲೇ ಚಿಕ್ಕದಿದ್ದವರಿಗೆ ಇದು ಕ್ಲಿಪ್‌ಗಿಂತ ಒಳ್ಳೆಯದು ಎಂದೇ ನನಗೆ ಅನಿಸುತ್ತದೆ. ದೊಡ್ಡ ಸಂದಿಗೆ ಮಾಡಿದರೆ ಮುಂಬಲ್ಲು ಬಾಗಿಲಿನ ಹಾಗೆ ಕಾಣುತ್ತದೆ, ಬೇಡ. ಐದನೆಯದು, ಸಂದಿಯನ್ನು ಇಟ್ಟುಕೊಳ್ಳುವುದು. ನಮ್ಮ ಆಜಿಯ ಸಲಹೆ ಅದೇ, ಅದರಲ್ಲಿ ತಪ್ಪೇನೂ ಇಲ್ಲ.

ಒಂದು ಮಾತು, ನಗುವಾಗ ವಸಡು ಜಾಸ್ತಿ ಕಾಣುತ್ತದೆ ಎಂದು ಎಳೆ ಕತ್ತರಿಸಿಕೊಳ್ಳಲು ಹೋಗಬೇಡಿ. ಅದಕ್ಕೆ ಕಾರಣ ತುಟಿ ಗಿಡ್ಡ ಇರುವುದು, ತುಟಿ ಜಾಸ್ತಿ ಮೇಲೆ ಏಳುವುದು ಅಥವಾ ಮೇಲ್ದವಡೆಯೇ ಉದ್ದ ಬೆಳೆದಿರುವುದು. ಎಳೆ ತೆಗೆದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಬ್ಲೇಡಾ, ಲೇಸರಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಕೊನೆಗೆ ಕೇಳಬೇಕಾದದ್ದು.

ಬ್ಲೇಡಿನಿಂದ ಮಾಡುವುದು ಹಳೆಯ ವಿಧಾನ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಮೇಲೊಂದು ಕೆಳಗೊಂದು ಕತ್ತರಿಸಿ, ಮೂಳೆಗೆ ಅಂಟಿದ ನಾರುಗಳನ್ನು ಕೆರೆದು ಬಿಡಿಸಿ ಹೊಲಿಗೆ ಹಾಕುತ್ತಾರೆ. ರಕ್ತ ಬರುತ್ತದೆ, ಬಾಯಿ ಊದುತ್ತದೆ, ಸಾಮಾನ್ಯವಾಗಿ ವಾರಕ್ಕೆ ಹೊಲಿಗೆ ತೆಗೆಯುತ್ತಾರೆ. ಆದರೆ ಅಂಗುಳದವರೆಗೆ ಹೋದ ದಪ್ಪ ಎಳೆಗೆ ಇದರಲ್ಲಿ ಕೈ ಸರಿಯಾಗಿ ಓಡುತ್ತದೆ. ಎಳೆ ಅಗಲವಾಗಿ ತುಟಿಯನ್ನೇ ಬಿಗಿ ಹಿಡಿದಿದ್ದರೆ ಝಡ್ ಆಕಾರದಲ್ಲಿ ಕತ್ತರಿಸಿ ಚರ್ಮವನ್ನು ತಿರುಗಿಸಿ ಹೊಲಿಯುತ್ತಾರೆ, ತುಟಿಗೆ ಉದ್ದ ಸಿಗುತ್ತದೆ. ಮಧ್ಯದಲ್ಲಿ ಕಲೆ ಉಳಿಯಬಾರದು ಎಂದರೆ ಪಕ್ಕದ ವಸಡನ್ನು ಸರಿಸಿ ಮುಚ್ಚುವ ಮಿಲ್ಲರ್ ವಿಧಾನವೂ ಇದೆ, 1985ರಿಂದ ಬಳಕೆಯಲ್ಲಿರುವುದು. ಇವೆಲ್ಲ ಕೈಚಳಕದ ಕೆಲಸ, ಮಾಡಿ ಪಳಗಿದವರ ಹತ್ತಿರವೇ ಹೋಗಬೇಕು.

ಲೇಸರ್‌ನಲ್ಲಿ ರಕ್ತ ಕಡಿಮೆ, ಸಾಮಾನ್ಯವಾಗಿ ಹೊಲಿಗೆ ಇಲ್ಲ, ಕುರ್ಚಿಯಲ್ಲಿ ಕೂರುವ ಹೊತ್ತು ಕಡಿಮೆ. ಹೆದರುವ ಮಕ್ಕಳಿಗೆ ಇದು ದೊಡ್ಡ ಲಾಭ, ಒಪ್ಪುತ್ತೇನೆ. ಆದರೆ ‘ಲೇಸರ್’ ಅನ್ನುವುದು ಒಂದೇ ಯಂತ್ರವಲ್ಲ. ಕ್ಲಿನಿಕ್‌ಗಳಲ್ಲಿ ಜಾಸ್ತಿ ಇರುವುದು ಡಯೋಡ್, 810 ಅಥವಾ 980 ನ್ಯಾನೋಮೀಟರ್. ಅದರ ತುದಿ ಚರ್ಮಕ್ಕೆ ತಾಗಿಯೇ ಕತ್ತರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ 10,600 ನ್ಯಾನೋಮೀಟರ್, ಎರ್ಬಿಯಂ 2,940. ಇವೆರಡನ್ನು ಚರ್ಮದೊಳಗಿನ ನೀರು ಹೀರಿಕೊಳ್ಳುತ್ತದೆ. ಎರ್ಬಿಯಂ ಸುಡುವುದು ಕಡಿಮೆ, ಆದರೆ ರಕ್ತ ನಿಲ್ಲಿಸುವುದರಲ್ಲಿ ಡಯೋಡ್‌ನಷ್ಟು ಚುರುಕಲ್ಲ. ನೋವೇ ಇಲ್ಲ, ಇಂಜೆಕ್ಷನ್ನೇ ಬೇಡ ಎಂದು ಬೋರ್ಡಿನಲ್ಲಿ ಬರೆದಿದ್ದರೂ ಹೆಚ್ಚಿನವರಿಗೆ ಸ್ವಲ್ಪ ಮರಗಟ್ಟಿಸಲೇಬೇಕು. ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ ಕೊಡಬೇಕು, ಮಗುವಿಗೂ, ಜೊತೆಗೆ ನಿಂತ ನಿಮಗೂ. ಕೊಡದಿದ್ದರೆ ಕೇಳಿ. ಎರಡು ಮೂರು ದಿನಕ್ಕೆ ಗಾಯದ ಮೇಲೆ ಹಳದಿ-ಬಿಳಿ ಪೊರೆ ಬರುತ್ತದೆ, ಅದು ಕೀವಲ್ಲ, ಕೆರೆಯಬೇಡಿ. ಹೊಲಿದ ಗಾಯಕ್ಕಿಂತ ಶುರುವಿನಲ್ಲಿ ಆರುವುದು ನಿಧಾನ ಅನಿಸಬಹುದು. ಕೆಲವು ವಾರ ಕಳೆದರೆ ಎರಡೂ ಒಂದೇ.

ಮೂರನೆಯದು ಕಾಟರಿ, ಕರೆಂಟಿನಿಂದ ಸುಟ್ಟು ಕತ್ತರಿಸುವುದು. ಅಗ್ಗ, ರಕ್ತ ಕಡಿಮೆ, ಸುಟ್ಟ ವಾಸನೆ ಬರುತ್ತದೆ, ಮೂಳೆಗೆ ತಾಗಿದರೆ ತೊಂದರೆ. ಪೇಸ್‌ಮೇಕರ್ ಹಾಕಿದವರು ಮೊದಲೇ ಹೇಳಬೇಕು.

ಅಕ್ಕನ ಮಗನಿಗೆ ಮಾಡಿದ್ದು ಬ್ಲೇಡಿನಿಂದಲೇ. ಮೂರು ದಿನ ಮೊಸರನ್ನ, ತಣ್ಣಗಿನ ಗಂಜಿ. ನಾಲ್ಕನೇ ದಿನ ಪಾವ್ ಕಚ್ಚಿ ಎಳೆದು ಹೊಲಿಗೆ ಹತ್ತಿರ ಸ್ವಲ್ಪ ರಕ್ತ ಬಂತು. ಮುಂಬಲ್ಲಿನಿಂದ ಕಚ್ಚಿ ಎಳೆಯುವಂಥದ್ದೆಲ್ಲ ಒಂದು ವಾರ ಬೇಡ. ಬಂದವರಿಗೆಲ್ಲ ತುಟಿ ಎತ್ತಿ ತೋರಿಸುವುದಂತೂ ಬೇಡವೇ ಬೇಡ.

ದವಡೆಯ ಮಾತು, ಇದಕ್ಕೆ ಕಾಯಬೇಡಿ

ಪುಣೆಯ ಚಿಂಚವಡದಲ್ಲಿರುವ ನಮ್ಮಣ್ಣನ ಮಗಳಿಗೆ ಏಳು ವರ್ಷಕ್ಕೇ ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಬರುತ್ತಿತ್ತು. ನಮ್ಮಪ್ಪನದ್ದೂ ಹಾಗೇ ಇತ್ತು, ‘ಅಜ್ಜನ ಗಲ್ಲ’ ಎಂದು ಎಲ್ಲರೂ ಖುಷಿಪಟ್ಟೆವು. ನಾನೂ ಸೇರಿ. ಹದಿಮೂರಕ್ಕೆ ಅವಳೇ ಕನ್ನಡಿ ನೋಡಿ ಅತ್ತಾಗ ಡಾಕ್ಟರ ಹತ್ತಿರ ಹೋದರು. ಮೇಲ್ದವಡೆಯ ಬೆಳವಣಿಗೆ ಹಿಂದೆ ಉಳಿದಿತ್ತು. ಇಂಥದ್ದಕ್ಕೆ ಮುಖದ ಮೇಲೆ ಕಟ್ಟಿಕೊಳ್ಳುವ ಫೇಸ್‌ಮಾಸ್ಕ್ ಎಂಬ ಸಾಧನ ಇದೆ, ದಿನಕ್ಕೆ ಹಲವು ಗಂಟೆ ಹಾಕಿಕೊಂಡರೆ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುತ್ತದೆ. ಅದು ಚೆನ್ನಾಗಿ ಕೆಲಸ ಮಾಡುವುದು ಸುಮಾರು ಏಳರಿಂದ ಹತ್ತು ವರ್ಷದೊಳಗೆ. ಆ ರೈಲು ಹೋಗಿಯಾಗಿತ್ತು. ಈಗ ಅವಳ ಮುಂದಿರುವುದು ಎರಡೇ ದಾರಿ: ಹಲ್ಲುಗಳನ್ನು ಓರೆ ಮಾಡಿ ದವಡೆಯ ಅಂತರವನ್ನು ಮರೆಮಾಚುವುದು, ಇಲ್ಲವೇ ಬೆಳವಣಿಗೆ ಪೂರ್ತಿ ನಿಂತ ಮೇಲೆ, ಹೆಚ್ಚುಕಡಿಮೆ ಹದಿನೆಂಟರ ಸುಮಾರಿಗೆ, ದವಡೆಯ ಆಪರೇಷನ್.

ಎಡ್ವರ್ಡ್ ಆಂಗಲ್ ಎಂಬವರು 1899ರಲ್ಲಿ ಕಚ್ಚುವ ರೀತಿಯನ್ನು ಮೂರು ಗುಂಪಾಗಿ ಹೇಳಿದ್ದು ಇವತ್ತಿಗೂ ಎಲ್ಲ ಕೇಸ್ ಪೇಪರಿನಲ್ಲಿ ಬರುತ್ತದೆ. ಕ್ಲಾಸ್ ಒಂದು ಅಂದರೆ ದವಡೆ ಹಲ್ಲುಗಳು ಸರಿಯಾಗಿ ಕೂರುತ್ತವೆ, ಸಂದಿ, ಓರೆ ಏನಿದ್ದರೂ ಹಲ್ಲಿನದ್ದೇ. ಕ್ಲಾಸ್ ಎರಡರಲ್ಲಿ ಕೆಳಗಿನವು ಹಿಂದೆ, ಉಬ್ಬುಹಲ್ಲಿನ ಮಕ್ಕಳು ಹೆಚ್ಚಾಗಿ ಇಲ್ಲಿಯವರು. ಕ್ಲಾಸ್ ಮೂರು ಅಂದರೆ ಕೆಳಗಿನವು ಮುಂದೆ, ನಮ್ಮ ಚಿಂಚವಡದ ಹುಡುಗಿ. ಆದರೆ ಆಂಗಲ್ ಹೇಳಿದ್ದು ಹಲ್ಲಿನ ಲೆಕ್ಕ, ಮೂಳೆಯ ಲೆಕ್ಕ ಬೇರೆ. ಅದಕ್ಕೆ ಪಕ್ಕದಿಂದ ತಲೆಯ ಎಕ್ಸ್‌ರೇ ತೆಗೆಯುತ್ತಾರೆ, ಸೆಫಲೋಗ್ರಾಮ್.

ಕೆಳದವಡೆ ಹಿಂದೆ ಉಳಿದ ಮಕ್ಕಳಿಗೆ ಅದನ್ನು ಮುಂದಕ್ಕೆ ತರುವ ಟ್ವಿನ್ ಬ್ಲಾಕ್‌ನಂಥ ಸಾಧನ ಸಿಗುತ್ತದೆ, ಮಗು ಸರ್ರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ, ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಮೊದಲೇ. ಮೇಲ್ದವಡೆ ಕಿರಿದಾಗಿ ಅಂಗುಳ ಗೋಪುರದ ಹಾಗೆ ಮೇಲೆ ಹೋಗಿದ್ದರೆ ಎಕ್ಸ್‌ಪಾಂಡರ್. ಅಂಗುಳದ ನಡುವೆ ಒಂದು ಬೆಸುಗೆ ಇರುತ್ತದೆ, ಮಕ್ಕಳಲ್ಲಿ ಅದು ಇನ್ನೂ ಗಟ್ಟಿಯಾಗಿರುವುದಿಲ್ಲ. ಸಾಧನದ ಸ್ಕ್ರೂವನ್ನು ಮನೆಯಲ್ಲೇ ಕೀಲಿಯಿಂದ ತಿರುಗಿಸುತ್ತಾ ಹೋದರೆ ಬೆಸುಗೆ ಅಗಲುತ್ತದೆ. ಆಗ ಕೆಲವೇ ದಿನದಲ್ಲಿ ಮುಂಬಲ್ಲಿನ ನಡುವೆ ದೊಡ್ಡ ಸಂದಿ ಬರುತ್ತದೆ! ಅದು ಕೆಲಸ ಆಗುತ್ತಿದೆ ಎಂಬ ಗುರುತು, ಆಮೇಲೆ ಕೆಲವು ತಿಂಗಳಲ್ಲಿ ತಾನೇ ಮುಚ್ಚುತ್ತದೆ. ಇಂಥ ಹೊತ್ತಿನಲ್ಲಿ ಯಾರಾದರೂ ಎಳೆಯ ಮೇಲೆ ತಪ್ಪು ಹೊರಿಸಿದರೆ ಹೇಗಿರುತ್ತದೆ ಊಹಿಸಿ. ಹದಿಹರೆಯದ ಕೊನೆಗೆ ಬೆಸುಗೆ ಬಿಗಿಯಾದ ಮೇಲೆ ಅದೇ ಕೆಲಸಕ್ಕೆ ಮೂಳೆಗೆ ಸ್ಕ್ರೂ ಹಾಕಬೇಕು ಅಥವಾ ಆಪರೇಷನ್ ಬೇಕು.

ಅಂಗುಳದ ನಡುವೆ ಗಟ್ಟಿ ಗುಬ್ಬು ಕೈಗೆ ಸಿಕ್ಕಿದರೆ ಹೆದರಬೇಡಿ, ಟೋರಸ್ ಎನ್ನುತ್ತಾರೆ, ಮೂಳೆಯೇ ಅದು, ಬಹಳ ಜನಕ್ಕೆ ಇರುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಂಡರೆ ಸಾಕು.

ಏಳು ವರ್ಷಕ್ಕೆ ಒಮ್ಮೆ ಆರ್ಥೊಡಾಂಟಿಸ್ಟ್‌ಗೆ ತೋರಿಸಿ. ಕ್ಲಿಪ್ ಹಾಕಿಸಲು ಅಲ್ಲ, ದವಡೆ ನೋಡಲು.

ಹಸುಗೂಸು, ಬಿದ್ದ ಮಗು, ಹಲ್ಲಿನ ಸೆಟ್ಟು

ಹಸುಗೂಸಿಗೆ ಹಾಲು ಕುಡಿಯಲು ತೊಂದರೆ ಎಂದು ಮೇಲ್ತುಟಿಯ ಎಳೆ ಕತ್ತರಿಸುವ ರೂಢಿ ಈಗ ಜಾಸ್ತಿಯಾಗಿದೆ. ಹುಟ್ಟಿದ ಮಕ್ಕಳಲ್ಲಿ ಎಳೆ ವಸಡಿನ ಅಂಚಿಗೆ ಬರುವುದು ಮಾಮೂಲು. ಮೊದಲು ಹಾಲೂಡಿಸುವುದನ್ನು ಕಲಿಸುವ ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಹತ್ತಿರ ಹೋಗಿ, ಮಗುವನ್ನು ಹಿಡಿಯುವ ರೀತಿ ಬದಲಿಸಿ ನೋಡಿ. ನಾಲಿಗೆಯ ಅಡಿಯ ಎಳೆ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ.

ನಡೆಯಲು ಕಲಿಯುವ ಮಗು ಬಿದ್ದು ಈ ಎಳೆ ಹರಿಯುವುದು ತುಂಬಾ ಸಾಮಾನ್ಯ. ರಕ್ತ ನೋಡಿದರೆ ಜೀವ ಹೋಗುತ್ತದೆ, ಆದರೆ ಒದ್ದೆ ಬಟ್ಟೆಯಿಂದ ಹತ್ತು ನಿಮಿಷ ತುಟಿಯನ್ನು ಒತ್ತಿ ಹಿಡಿದರೆ ನಿಲ್ಲುತ್ತದೆ, ಹೊಲಿಗೆ ಇಲ್ಲದೆ ತಾನೇ ಆರುತ್ತದೆ. ನಿಂತಿದೆಯಾ ಎಂದು ಮತ್ತೆ ಮತ್ತೆ ತುಟಿ ಎತ್ತಿದರೆ ಮತ್ತೆ ಹರಿಯುತ್ತದೆ. ನಿಲ್ಲದಿದ್ದರೆ, ಹಲ್ಲು ಅಲುಗಿದ್ದರೆ ಓಡಿ. ಇನ್ನೂ ನಡೆಯದ, ಹರಿದಾಡದ ಕೂಸಿನ ಎಳೆ ಹರಿದಿದ್ದರೆ ಮಾತ್ರ ಹೇಗಾಯಿತು ಎಂದು ಗಟ್ಟಿಯಾಗಿ ಕೇಳಲೇಬೇಕು, ಯಾರ ಕೈಯಲ್ಲಿ ಬಿಟ್ಟಿದ್ದೆವು ಎಂಬುದನ್ನೂ.

ನಮ್ಮ ಮಾವನವರ ಮೇಲಿನ ಸೆಟ್ಟು ನಗುವಾಗ ಬೀಳುತ್ತಿತ್ತು. ಹಲ್ಲಿಲ್ಲದ ದವಡೆ ಸವೆದಂತೆ ಎಳೆ ಅಂಚಿಗೆ ಬಂದು ಕೂರುತ್ತದೆ, ನಕ್ಕರೆ ಸೆಟ್ಟನ್ನು ಕಿತ್ತು ಹಾಕುತ್ತದೆ. ಸೆಟ್ಟಿನಲ್ಲಿ ಎಳೆಗೆ ಕಚ್ಚು ಮಾಡಿಕೊಟ್ಟರು, ಸರಿಹೋಯಿತು. ಕಚ್ಚು ಆಳವಾದರೆ ಸೆಟ್ಟು ಅಲ್ಲೇ ಸೀಳುತ್ತದೆ, ಅಂಥವರಿಗೆ ಎಳೆ ತೆಗೆಸುವುದೇ ವಾಸಿ.

ಎಲ್ಲಿಗೆ, ಯಾರ ಹತ್ತಿರ

ಮುಂಬೈನಲ್ಲಿ ಸಿಎಸ್‌ಎಂಟಿ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜು, ಮುಂಬೈ ಸೆಂಟ್ರಲ್ ಕಡೆಯ ನಾಯರ್ ಡೆಂಟಲ್ ಕಾಲೇಜು ಇವೆ, ಎರಡನೆಯದು ಮಹಾನಗರ ಪಾಲಿಕೆಯದ್ದು. ಗೋವಾದಲ್ಲಿ ಬಾಂಬೋಳಿಯ ಡೆಂಟಲ್ ಕಾಲೇಜು. ಪುಣೆಯಲ್ಲಿ ಖಾಸಗಿ ಡೆಂಟಲ್ ಕಾಲೇಜುಗಳು ಹಲವು. ಕಾಲೇಜಿನ ಲಾಭ ಅಂದರೆ ಮಕ್ಕಳ ಹಲ್ಲಿನವರು, ಕ್ಲಿಪ್ಪಿನವರು, ವಸಡಿನವರು, ದವಡೆ ಆಪರೇಷನ್ ಮಾಡುವವರು ಎಲ್ಲ ಒಂದೇ ಕಟ್ಟಡದಲ್ಲಿ. ಒಬ್ಬರು ಕತ್ತರಿಸಿ ಎಂದರೆ ಪಕ್ಕದ ಕೋಣೆಯವರು ಬೇಡ ಎನ್ನಲು ಹೆದರುವುದಿಲ್ಲ. ನಷ್ಟ ಅಂದರೆ ಹೊತ್ತು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಆಫೀಸಿಗೆ ರಜೆ ಹಾಕಬೇಕು, ಡೊಂಬಿವಲಿಯಿಂದ ಪೀಕ್ ಅವರ್‌ನ ಫಾಸ್ಟ್ ಟ್ರೇನಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವುದು ಏನು ಎಂದು ಗೊತ್ತಿರುವವರಿಗೇ ಗೊತ್ತು. ದುಡ್ಡಿದ್ದು ಹೊತ್ತಿಲ್ಲದವರು ಖಾಸಗಿಯಲ್ಲಿ ಮಾಡಿಸಲಿ, ತಪ್ಪಿಲ್ಲ. ಆದರೆ ಸಲಹೆ ಮೊದಲು ಆರ್ಥೊಡಾಂಟಿಸ್ಟ್ ಹತ್ತಿರ ಕೇಳಿ, ಲೇಸರ್ ಇಟ್ಟುಕೊಂಡವರ ಹತ್ತಿರವಲ್ಲ. ಲೇಸರ್ ಕೊಂಡವರಿಗೆ ಎಲ್ಲ ಎಳೆಯೂ ದಪ್ಪ ಕಾಣುತ್ತದೆ, ಅಲ್ವಾ?

ಕೇಳಬೇಕಾದ ಪ್ರಶ್ನೆ ಜಾಸ್ತಿ ಇಲ್ಲ. ಎಕ್ಸ್‌ರೇಯಲ್ಲಿ ಏನಿದೆ? ಮೂಳೆಯಲ್ಲಿ ಕಚ್ಚು ಇದೆಯಾ? ಕೋರೆಹಲ್ಲು ಎಲ್ಲಿದೆ? ದವಡೆ ಯಾವ ಕ್ಲಾಸು? ಈಗ ತೆಗೆಯದೆ ಮೂರು ವರ್ಷ ಬಿಟ್ಟರೆ ಏನು ಕೆಡುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಎದ್ದು ಬನ್ನಿ.

ಮಗಳಿಗೆ ಈಗ ಒಂಬತ್ತೂವರೆ. ಸಂದಿ ಹಾಗೇ ಇದೆ, ಅದರಿಂದ ಶಿಳ್ಳೆ ಹೊಡೆಯುವುದನ್ನು ಕಲಿತು ಇಡೀ ಬಿಲ್ಡಿಂಗಿಗೆ ಕೇಳಿಸುತ್ತಾಳೆ. ಹೋದ ವಾರ ಬ್ರಶ್ ಮಾಡಿಸುವಾಗ ಹಾಲು ಕೋರೆಹಲ್ಲಿನ ಮೇಲೆ, ವಸಡಿನ ಎರಡೂ ಕಡೆ, ಬೆರಳಿಗೆ ಗಟ್ಟಿ ಉಬ್ಬು ಸಿಕ್ಕಿತು. ದೊಡ್ಡ ಕೋರೆಹಲ್ಲು ದಾರಿಯಲ್ಲಿದೆ. ದಸರಾ ರಜೆಯಲ್ಲಿ ಮುಂದಿನ ಎಕ್ಸ್‌ರೇ, ಹಳೆಯದರ ಜೊತೆ ಇಟ್ಟು ನೋಡಬೇಕು.